ಜೋಯಿ ಬಾರ್ಟನ್ ಬರೀ ಜಗಳಗಂಟನಾ?

ಇಂಗ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ ಬಾರ್ಟನ್‌ಗೆ ಆಟ ಬರ್ತಿತ್ತಾ ಇಲ್ಲ ಸುಮ್ನೆ ಜಗಳದಿಂದಲೇ ಹೆಸರು ಬಂತಾ ಅಂತ ಕೇಳಿದ್ದೀರಲ್ಲ, ಆಟ ಖಂಡಿತ ಬರ್ತಿತ್ತು. 2007ರಲ್ಲಿ ಸ್ಪೇನ್ ವಿರುದ್ಧ ಇಂಗ್ಲೆಂಡ್ ಪರ ಒಂದೇ ಒಂದು ಪಂದ್ಯ ಆಡಿದ, ಅದೂ ಬದಲಿ ಆಟಗಾರನಾಗಿ. ಅದೇ ವರ್ಷ ತನ್ನ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಅಭ್ಯಾಸದ ವೇಳೆ ಸಹ ಆಟಗಾರ ಉಸ್ಮಾನ್ ಡಾಬೋಗೆ ಹೊಡೆದ. 2008ರಲ್ಲಿ ಲಿವರ್‌ಪೂಲ್‌ನ ಬೀದಿ ಹೊಡೆದಾಟಕ್ಕೆ ಜೈಲಿಗೂ ಹೋದ.

2012ರ ಮೇ 13 ಅಂತೂ ಮರೆಯೋ ಹಾಗೇ ಇಲ್ಲ. ಸಿಟಿ ಕೊನೇ ಗಳಿಗೆಯಲ್ಲಿ ಲೀಗ್ ಗೆದ್ದ ಪಂದ್ಯ ಇದೆಯಲ್ಲ, ಅದರಲ್ಲಿ ಎದುರಾಳಿ ಕ್ಯೂಪಿಆರ್‌ಗೆ (ಕ್ವೀನ್ಸ್ ಪಾರ್ಕ್ ರೇಂಜರ್ಸ್) ಇವನೇ ನಾಯಕ, ಕೆಂಪು ಕಾರ್ಡ್ ಸಿಕ್ಕ ಮೇಲೂ ಹೊರಗೆ ಹೋಗದೆ ಸಿಟಿ ಆಟಗಾರ ಅಗ್ವೇರೋನನ್ನು ಒದ್ದು, ಸಿಟಿ ನಾಯಕ ಕೊಂಪನಿಗೆ ತಲೆಯಿಂದ ಗುದ್ದೋಕೆ ಹೋದ. 12 ಪಂದ್ಯ ನಿಷೇಧ!

ಆದರೆ 2016ರಲ್ಲಿ ಬರ್ನ್‌ಲಿ ಕ್ಲಬ್ ಚಾಂಪಿಯನ್‌ಶಿಪ್ (ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್) ಗೆದ್ದಾಗ ಮಿಡ್‌ಫೀಲ್ಡ್‌ನ ಬೆನ್ನೆಲುಬು ಇವನೇ. ನಾನು ನೋಡಿದ ಅವನ ಆಟದಲ್ಲಿ ಅದೇ ಬೆಸ್ಟು. ಮುಂದಿನ ವರ್ಷವೇ ಬೆಟ್ಟಿಂಗ್ ಪ್ರಕರಣ: ಹತ್ತು ವರ್ಷದಲ್ಲಿ 1,260 ಬಾಜಿ, 18 ತಿಂಗಳ ನಿಷೇಧ. ಮೇಲ್ಮನವಿಯಲ್ಲಿ ಅದು ಸುಮಾರು 13 ತಿಂಗಳಿಗೆ ಇಳಿಯಿತು.

ಮ್ಯಾನೇಜರ್ ಆಗಿ ಮೊದಲು ಫ್ಲೀಟ್‌ವುಡ್ ಟೌನ್, ಆಮೇಲೆ ಬ್ರಿಸ್ಟಲ್ ರೋವರ್ಸ್. 2021ರಲ್ಲಿ ರೋವರ್ಸ್ ಕೆಳಗಿನ ಲೀಗ್‌ಗೆ ಇಳಿಯಿತು. ಮರುವರ್ಷ ಮೇಲೇರೋಕೆ ಕೊನೇ ದಿನ ಗೋಲುಗಳ ರಾಶಿಯೇ ಬೇಕಿತ್ತು, ಸ್ಕನ್‌ಥಾರ್ಪ್ ವಿರುದ್ಧ 7-0 ಗೆದ್ದರು! ಪೈಪೋಟಿಯಲ್ಲಿದ್ದ ನಾರ್ಥಾಂಪ್ಟನ್ ಜೊತೆ ಅಂಕವೂ ಸಮ, ಗೋಲಿನ ವ್ಯತ್ಯಾಸವೂ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲು ಕಳೆದದ್ದು) ಸಮ, ಹೊಡೆದ ಗೋಲು ಜಾಸ್ತಿ ಅಂತ ಇವರು ಮೇಲೆ ಹೋದರು. 2023ರ ಅಕ್ಟೋಬರ್‌ನಲ್ಲಿ ಆ ಕೆಲಸವೂ ಹೋಯಿತು. ಆಮೇಲೆ ಮಹಿಳಾ ಕಾಮೆಂಟೇಟರ್‌ಗಳ ಬಗ್ಗೆ ಸೋಶಿಯಲ್ ಮೀಡಿಯಾದಲ್ಲಿ ಬರೆದಿದ್ದಕ್ಕೆ ಮಾತ್ರ ನನ್ನ ಹತ್ತಿರ ಯಾವ ಸಮರ್ಥನೆಯೂ ಇಲ್ಲ.