ಮಲೇಷ್ಯಾದ ಪೆನಾಂಗ್‌ನಲ್ಲಿ ವಿಮಾನ ಬದಲಿಸುವಾಗ 7 ಗಂಟೆ ಬಿಡುವು: ಊರೊಳಗೆ ಹೋಗಿ ಬರಬಹುದೇ?

ಹಗಲಾದರೆ ಧಾರಾಳವಾಗಿ ಹೋಗಿ. ಆದರೆ 7 ಗಂಟೆಯಲ್ಲಿ ಕೈಗೆ ಸಿಗುವುದು ಎರಡೂವರೆ ಮಾತ್ರ: ಇಮಿಗ್ರೇಷನ್‌ಗೆ ಒಂದು ಗಂಟೆ ಇಟ್ಟುಕೊಳ್ಳಿ, ಅಲ್ಲಿನ ಮುಖ್ಯ ಊರು ಜಾರ್ಜ್ ಟೌನ್‌ಗೆ ಸುಮಾರು 16 ಕಿ.ಮೀ. ಇರುವುದರಿಂದ ಹೋಗಲು ಬರಲು ಒಂದೂವರೆ, ಮುಂದಿನ ವಿಮಾನಕ್ಕೆ ಎರಡು ಗಂಟೆ ಮೊದಲೇ ವಾಪಸ್.

ಭಾರತದ ಪಾಸ್‌ಪೋರ್ಟಿಗೆ 2023ರ ಡಿಸೆಂಬರ್‌ನಿಂದ ಮಲೇಷ್ಯಾ 30 ದಿನದ ವೀಸಾ ವಿನಾಯಿತಿ ಕೊಟ್ಟಿದೆ. ಟಿಕೆಟ್ ಮಾಡುವಾಗ ಅದು ಜಾರಿಯಲ್ಲಿದೆಯೇ ನೋಡಿಕೊಳ್ಳಿ. ಜನ ಎಡವುವುದು ಮಲೇಷ್ಯಾಕ್ಕೆ ಬರುವವರು ತುಂಬುವ ಎಂಡಿಎಸಿ ಎಂಬ ಉಚಿತ ಆನ್‌ಲೈನ್ ಫಾರ್ಮಿನಲ್ಲಿ. ತಲುಪುವ ಮೊದಲಿನ 3 ದಿನದೊಳಗೆ ತುಂಬಬೇಕು. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಬಸ್ಸು ಅಗ್ಗ, ಆದರೆ ನಿಧಾನ. ಚಿಲ್ಲರೆಯನ್ನೂ ವಾಪಸ್ ಕೊಡುವುದಿಲ್ಲ. ಆ್ಯಪ್‌ನಲ್ಲಿ ಕರೆಯುವ ಗ್ರ್ಯಾಬ್ ಟ್ಯಾಕ್ಸಿ ಹಿಡಿದು ಕಪಿತಾನ್ ಕೆಲಿಂಗ್ ಮಸೀದಿ ಹತ್ತಿರ ಇಳಿಯಿರಿ. ಅಲ್ಲಿಂದ ಎಲ್ಲವೂ ನಡಿಗೆ ದೂರ. ಪಕ್ಕದ ಲಿಟಲ್ ಇಂಡಿಯಾದಲ್ಲಿ ಸಸ್ಯಾಹಾರಿಗಳಿಗೆ ಊಟದ ಚಿಂತೆಯಿಲ್ಲ. ಕ್ವೀನ್ ಸ್ಟ್ರೀಟಿನ ಮಹಾಮಾರಿಯಮ್ಮನ್ ಗುಡಿ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ಆಗ ನೇರ ಖೂ ಕಾಂಗ್ಸಿಗೆ ನಡೆಯಿರಿ. ಚೀನೀ ಕುಲಬಾಂಧವರ ಈ ಸಭಾಭವನದ ಮರಗೆತ್ತನೆಗೇ ಮುಕ್ಕಾಲು ಗಂಟೆ ಬೇಕು; ಟಿಕೆಟ್ ಇದೆ, ಸಂಜೆ 5ಕ್ಕೆ ಮುಚ್ಚುತ್ತದೆ. ಸಮಯ ಉಳಿದರೆ ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಚ್ಯೂ ಜೆಟ್ಟಿ. ಅವು ಜನ ವಾಸಿಸುವ ಮನೆಗಳು, ಒಳಗೆ ಕ್ಯಾಮೆರಾ ತೂರಿಸಬೇಡಿ.

ಪೆನಾಂಗ್ ಹಿಲ್ ಆಸೆ ಬಿಡಿ, ಬೆಟ್ಟ ಹತ್ತುವ ರೈಲಿನ ಸಾಲೇ ಸಮಯ ತಿನ್ನುತ್ತದೆ. ಸಂಜೆ 5ರಿಂದ 7ರವರೆಗೆ ವಾಪಸ್ ದಾರಿಯ ಪೆನಾಂಗ್ ಸೇತುವೆ ಬಳಿ ವಾಹನಗಳು ಕಟ್ಟಿಕೊಳ್ಳುತ್ತವೆ, ಆಗ ಅರ್ಧ ಗಂಟೆ ಮುಂಚೆಯೇ ಹೊರಡಿ.