ವಿಡಿಯೊದಲ್ಲಿರುವ ಸಿಪಾಯಿ ನಿಮ್ಮ ಮುತ್ಯಾನೇನಾ?

ನಮಸ್ಕಾರ ಸರ್. ಯೂಟ್ಯೂಬಿನಲ್ಲಿ ಕಂಡ 1944ರ ಇಟಲಿ ಯುದ್ಧದ ತುಣುಕಿನಲ್ಲಿ ನಗುತ್ತಿರುವ ಮರಾಠಾ ಸಿಪಾಯಿ ನಿಮ್ಮ ಮುತ್ಯಾನೇನಾ ಅಂತ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ಬರೀ ಮುಖ ನೋಡಿ ನಂಬಬೇಡಿ. ನಮ್ಮನೆಯಲ್ಲೂ ಹೀಗೇ ‘ಆ ಮೂಗು ನಮ್ಮದೇ’ ಅಂತ ಆರು ತಿಂಗಳು ಕುಣಿದೆವು. ಆಮೇಲೆ ನೋಡಿದರೆ ಪಲ್ಟನ್ನೇ (ಬೆಟಾಲಿಯನ್ನೇ) ಬೇರೆ!

ಮೊದಲು ಪಲ್ಟನ್ ನಂಬರ್ ಹುಡುಕಿ. ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ ನೋಡಿ. ಮೆಡಲಿನ ಅಂಚನ್ನೂ ಹಿಂಬದಿಯನ್ನೂ ನೋಡಿ, ಎಷ್ಟೋ ಸಲ ಅಲ್ಲೇ ಹೆಸರು, ಸರ್ವಿಸ್ ನಂಬರ್ ಕೊರೆದಿರುತ್ತದೆ. ಅದನ್ನು ಹಿಡಿದು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯಿರಿ. ಇಟಲಿಯಲ್ಲಿ ಈ ರೆಜಿಮೆಂಟಿನ 1ನೇ ಪಲ್ಟನ್ 8ನೇ ಇಂಡಿಯನ್ ಡಿವಿಜನ್ನಿನಲ್ಲಿತ್ತು (ಡಿವಿಜನ್ ಅಂದರೆ ಹಲವು ಪಲ್ಟನ್ನುಗಳ ದೊಡ್ಡ ಪಡೆ), 3ನೆಯದು 10ನೇ ಡಿವಿಜನ್ನಿನಲ್ಲಿ.

ಇನ್ನು ಫಿಲ್ಮು. ಬ್ರಿಟಿಷ್ ಸೇನೆಯ ಕ್ಯಾಮೆರಾದವರು ತೆಗೆದ ರೀಲುಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿವೆ. ಹೆಚ್ಚಿನವು ಮೂಕಿ. ಆದರೆ ರೀಲಿನ ಜೊತೆ ಕ್ಯಾಮೆರಾದವರು ‘ಡೋಪ್ ಶೀಟ್’ ಬರೆಯುತ್ತಿದ್ದರು: ತಾರೀಖು, ಊರು, ಯಾವ ಪಲ್ಟನ್ ಅಂತ. ನಿಮಗೆ ಬೇಕಿರೋದು ಅದೇ. ಮ್ಯೂಸಿಯಮ್ಮಿನ ರೀಲುಗಳಲ್ಲಿ ಹುಡುಕುವಾಗ ‘ಮರಾಠಾ’ಕ್ಕೆ ಆಗಿನ ಇಂಗ್ಲಿಷ್ ಸ್ಪೆಲ್ಲಿಂಗೇ ಹಾಕಿ: ಎಂ, ಎ, ಎಚ್, ಆರ್, ಎ, ಟಿ, ಟಿ, ಎ. ಈಗಿನ ಸ್ಪೆಲ್ಲಿಂಗ್ ಹಾಕಿ ನಾನು ಸುಮ್ನೆ ಎಷ್ಟೋ ದಿನ ಕಳೆದೆ.