ಹದಿನಾಲ್ಕು ಕಿಲೋ ಇಳಿದ ಮೇಲೆ ಬಂದ ಹಸಿವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಡಯಟ್ ಸಲಹೆಗೆ ನನ್ನ ಬಳಿ ಬಂದವರು 41 ವರ್ಷದ ಮಹಿಳೆ, ದಿನವಿಡೀ ಕೂತು ಮಾಡುವ ಕೆಲಸ. ದಿನಕ್ಕೆ 900 ಕಿಲೋಕ್ಯಾಲರಿಯ ಡಯಟ್ ಹಿಡಿದು 16 ವಾರದಲ್ಲಿ 92ರಿಂದ 78 ಕಿಲೋಗೆ ಇಳಿದಿದ್ದರು. ಐದೇ ತಿಂಗಳಲ್ಲಿ ತೂಕ ಮತ್ತೆ 83. "ನಾಲಿಗೆ ಮೇಲೆ ಹಿಡಿತವೇ ಇಲ್ಲ ನನಗೆ, ಇನ್ನೂ ಬಿಗಿಯಾದ ಡಯಟ್ ಹೇಳಿ" ಎಂದು ಕೇಳಿದರು.

ಮೊದಲು ಒಂದು ವಾರ ಹಸಿವಿನ ಡೈರಿ ಬರೆಸಿದೆ. ಸೊನ್ನೆಯಿಂದ ಹತ್ತರವರೆಗೆ ಅಂಕ; ಊಟಕ್ಕೆ ಮುಂಚೆ ಒಮ್ಮೆ, ಊಟವಾಗಿ ಅರ್ಧ ಗಂಟೆಗೆ ಇನ್ನೊಮ್ಮೆ. ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ. ಸಂಜೆ ಐದಕ್ಕೆ ಅಂಕ 8, ರಾತ್ರಿ ಊಟ ಮುಗಿದ ಮೇಲೂ 6. ಮಂಗಳವಾರದ ಪುಟದಲ್ಲಿ ಹೀಗಿತ್ತು: "11.20. ಕಪಾಟಿನ ಮುಂದೆ ನಿಂತೇ ತಿಂದೆ. ದೀಪ ಹಾಕಲಿಲ್ಲ." ಉಂಡ ಮೇಲೂ ಇಳಿಯದ ಆ 6 ನನ್ನ ಗಮನ ಸೆಳೆಯಿತು. ಅದನ್ನು ಬಾಯಿಚಪಲ ಎಂದುಕೊಂಡರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಅವರಿಗೆ ವಿವರಿಸಿದ್ದು ಇಷ್ಟು. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್, ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಮಿದುಳಿನ ಹೈಪೋಥಲಮಸ್‌ಗೆ ತಿಳಿಸುತ್ತದೆ. ಊಟ ತೀರಾ ಕಡಿಮೆಯಾದಾಗ ಅದು ಕರಗಿದ ಕೊಬ್ಬಿನ ಪ್ರಮಾಣಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಹೊಟ್ಟೆಯಿಂದ ಹೊರಡುವ ಘ್ರೆಲಿನ್, ಅಂದರೆ ಹಸಿವು ಕೆರಳಿಸುವ ಹಾರ್ಮೋನ್, ಏರುತ್ತದೆ. 'ಸಾಕು' ಎನಿಸುವ ಕರುಳಿನ ಹಾರ್ಮೋನ್‌ಗಳಾದ ಪಿವೈವೈ, ಸಿಸಿಕೆ ಇಳಿಯುತ್ತವೆ. ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರದ ಡಯಟ್‌ನಿಂದಾದ ಈ ಏರುಪೇರು ವರ್ಷ ಕಳೆದ ಮೇಲೂ ಸರಿಹೋಗಿರಲಿಲ್ಲ. ಕಳೆದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20–30 ಕಿಲೋಕ್ಯಾಲರಿ ತಗ್ಗಿದರೆ, ತಿನ್ನುವ ಒತ್ತಡ ಸುಮಾರು 100 ಕಿಲೋಕ್ಯಾಲರಿ ಏರುತ್ತದೆಂಬ ಅಂದಾಜಿದೆ. 14 ಕಿಲೋಗೆ ಲೆಕ್ಕ ಹಾಕಿ ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಇಷ್ಟು ದಿನ ತಮ್ಮನ್ನೇ ಬೈದುಕೊಂಡಿದ್ದರು, ಪಾಪ.

ಹೊಸ ಡಯಟ್ ಬೇಡ ಎಂದೆ. ಮೂರು ತಿಂಗಳು ತೂಕ 83ರ ಆಸುಪಾಸಿನಲ್ಲೇ ನಿಂತರೆ ಸಾಕು. ಊಟ ದಿನಕ್ಕೆ 1,700–1,800 ಕಿಲೋಕ್ಯಾಲರಿ. ಮೂತ್ರಪಿಂಡದ ಪರೀಕ್ಷೆ ಸರಿಯಿದೆಯೆಂದು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆ ಪ್ರೋಟೀನ್ 100 ಗ್ರಾಂ, ನಾಲ್ಕು ಹೊತ್ತಿಗೆ 25ರಂತೆ. ಅದರಲ್ಲಿ ಮೊದಲನೆಯದು ಎದ್ದ ಎರಡು ಗಂಟೆಯೊಳಗೆ. ಎರಡನೆಯದನ್ನು ಬೇಕಾದರೆ ತಪ್ಪಿಸಬಹುದು, ಸಂಜೆ ನಾಲ್ಕೂವರೆಯದನ್ನು ಮಾತ್ರ ತಪ್ಪಿಸಕೂಡದು, ಏಕೆಂದರೆ ಐದರ 8 ಅಂಕವೇ ರಾತ್ರಿಯ ಕಪಾಟಿಗೆ ದಾರಿ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ, ಸ್ನಾಯು ಕರಗದಂತೆ.

ನಿದ್ದೆ ಐದು ಗಂಟೆಯಿತ್ತು, ಏಳಕ್ಕೆ ಏರಿಸಲು ಹೇಳಿದೆ. ಎರಡೇ ರಾತ್ರಿ ನಾಲ್ಕು ಗಂಟೆಯಷ್ಟೇ ಮಲಗಿದ ಆರೋಗ್ಯವಂತ ಯುವಕರಲ್ಲಿ ಲೆಪ್ಟಿನ್ 18% ಇಳಿದು ಘ್ರೆಲಿನ್ 28% ಏರಿದ್ದು 2004ರ ಒಂದು ಪ್ರಯೋಗದಲ್ಲಿ ಕಂಡಿದೆ.

ಮೊದಲ ವಾರವೇ ತೂಕ 1.3 ಕಿಲೋ ಹೆಚ್ಚಿ ಗಾಬರಿಯಾದರು. ಎರಡು ಹೊತ್ತು ಉಪವಾಸ ಬಿದ್ದರು, ಮೂರನೆಯ ರಾತ್ರಿ ಮತ್ತೆ ಕಪಾಟು. ಹೆಚ್ಚಾದದ್ದು ಕೊಬ್ಬಲ್ಲ. ಬರಿದಾಗಿದ್ದ ಗ್ಲೈಕೋಜನ್, ಅಂದರೆ ದೇಹ ಕೂಡಿಡುವ ಸಕ್ಕರೆ, ತುಂಬಿಕೊಳ್ಳುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿಡುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು. ಅಂದಿನಿಂದ ದಿನದ ತೂಕ ಬಿಟ್ಟು ವಾರದ ಸರಾಸರಿ ಮಾತ್ರ ನೋಡಿದೆವು, ಸತತ ಎರಡು ವಾರ ಅದು 83ಕ್ಕಿಂತ 2 ಕಿಲೋ ಮೀರಿದರಷ್ಟೇ ಊಟದಲ್ಲಿ ಬದಲಾವಣೆ.

ಹತ್ತನೇ ವಾರ: ತೂಕ 83.4, ಊಟದ ನಂತರದ ಅಂಕ 3–4, ರಾತ್ರಿ ತಿನ್ನುವುದು ವಾರಕ್ಕೊಮ್ಮೆ. ಹಸಿವು ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ನಾನು ಭರವಸೆಯನ್ನೂ ಕೊಟ್ಟಿಲ್ಲ. ಇನ್ನೂ ಇಳಿಸಬೇಕೆಂಬ ಆಸೆ ಅವರಿಗಿದೆ. ಹಸಿವು ತಗ್ಗಿಸುವ ಜಿಎಲ್‌ಪಿ-1 ಮಾದರಿಯ ಔಷಧಿ ಅವರಿಗೆ ಹೊಂದುತ್ತದೆಯೇ ಎಂದು ಕೇಳಲು, ಥೈರಾಯ್ಡ್ ವರದಿಯನ್ನೂ ಡೈರಿಯನ್ನೂ ಕೊಟ್ಟು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಬಳಿ ಕಳಿಸಿದ್ದೇನೆ.